ನೂಲಿನ ಅಳತೆ, ಮತದ ಅಳತೆ: ಬೆಳಗಾವಿ ಕಾಂಗ್ರೆಸ್ಸಿನ ನೂಲುವ ಸದಸ್ಯತ್ವ ಮತ್ತು ಜನಪದರ ಸೇವಾ ಕಲ್ಪನೆ

ಮತದ ಹಕ್ಕು ಮನುಷ್ಯನಿಗೆ ಹುಟ್ಟಿನೊಡನೆ ಬರುವಂಥದೋ ಅಥವಾ ಸಮಾಜಕ್ಕೆ ದುಡಿದು ಗಳಿಸಿಕೊಳ್ಳಬೇಕಾದುದೋ ಎಂಬ ಪ್ರಶ್ನೆ ಮೇಲುನೋಟಕ್ಕೆ ರಾಜ್ಯಶಾಸ್ತ್ರದ ಪ್ರಶ್ನೆ. ಚುನಾವಣೆ ಬಂದಾಗಲೆಲ್ಲ ವಿದ್ಯಾವಂತರ ನಡುವೆ ಒಂದು ಮಾತು ಕೇಳಿಬರುತ್ತದೆ: ಊರಿಗಾಗಿ ಏನನ್ನೂ ಮಾಡದವನಿಗೂ ಊರಿಗಾಗಿ ಬದುಕು ಸವೆಸಿದವನಿಗೂ ಒಂದೇ ಮತವೇಕೆ? ಸ್ವಯಂಪ್ರೇರಿತವಾಗಿ ಸೇವೆ ಸಲ್ಲಿಸಿದವರಿಗೆ ಮಾತ್ರ ಮತ ನೀಡುವ ಸಮಾಜವೊಂದನ್ನು ಕಟ್ಟಿದರೆ ಹೇಗೆ? ಈ ಮಾತನ್ನು ಆಡುವವರು ಅದನ್ನು ಹೊಸ ಕಲ್ಪನೆಯೆಂದು ಭಾವಿಸಿರುತ್ತಾರೆ. ಆದರೆ ಇದಕ್ಕೆ ಹತ್ತಿರವಾದ ಒಂದು ಪ್ರಯೋಗ ನೂರು ವರ್ಷಗಳ ಹಿಂದೆಯೇ ಕನ್ನಡದ ನೆಲದಲ್ಲಿ ಅಂಗೀಕಾರ ಪಡೆದಿತ್ತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಸೇರಿದ ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ 39ನೆಯ ಅಧಿವೇಶನವು ತನ್ನ ಸದಸ್ಯತ್ವವನ್ನು, ಅಂದರೆ ಸಂಸ್ಥೆಯೊಳಗಿನ ಮತದ ಹಕ್ಕನ್ನು, ಕೈಯಿಂದ ನೂತ ನೂಲಿನ ಮೇಲೆ ನಿಲ್ಲಿಸಿತು.

ಈ ಅಧಿವೇಶನವನ್ನು ಕರ್ನಾಟಕದ ಇತಿಹಾಸಕಾರರು ಏಕೀಕರಣದ ದೃಷ್ಟಿಯಿಂದಲೂ ಸ್ವಾತಂತ್ರ್ಯ ಚಳವಳಿಯ ದೃಷ್ಟಿಯಿಂದಲೂ ಸಾಕಷ್ಟು ಚರ್ಚಿಸಿದ್ದಾರೆ. ನೂಲುವ ಸದಸ್ಯತ್ವದ ನಿಯಮವನ್ನು ಮಾತ್ರ ಗಾಂಧೀಜಿಯವರ ಖಾದಿ ಕಾರ್ಯಕ್ರಮದ ಒಂದು ಉಪಕಥೆಯೆಂಬಂತೆ ಬಿಟ್ಟುಬಿಡುವುದು ವಾಡಿಕೆ. ಪ್ರಸ್ತುತ ಲೇಖನದಲ್ಲಿ ಆ ನಿಯಮದ ಹುಟ್ಟು, ನಡೆ ಮತ್ತು ಹಿನ್ನಡೆಯನ್ನು ಗುರುತಿಸಿ, ‘ಸೇವೆ’ ಎಂಬ ಕಲ್ಪನೆಗೆ ನಮ್ಮ ಜನಪದರ ಬದುಕಿನಲ್ಲಿದ್ದ ಬೇರೆಬೇರೆ ಅರ್ಥಗಳ ಬೆಳಕಿನಲ್ಲಿ ಅದನ್ನು ಪರಿಶೀಲಿಸಲು ಯತ್ನಿಸಲಾಗಿದೆ.

ಆಸ್ತಿ, ಓದು, ಪಡೆ

ಬೆಳಗಾವಿಯ ನಿಯಮದ ಮಹತ್ವ ತಿಳಿಯಬೇಕಾದರೆ ಆ ಕಾಲದಲ್ಲಿ ಮತ ಯಾರಿಗಿತ್ತು ಎಂಬುದನ್ನು ಮೊದಲು ನೋಡಬೇಕು. 1881ರಲ್ಲಿ ದಿವಾನ್ ಸಿ. ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಆರಂಭವಾದಾಗ ಅದರಲ್ಲಿ ಕುಳಿತವರು ಅನುಕೂಲಸ್ಥ ರೈತರು ಮತ್ತು ವರ್ತಕರು. 1919ರ ಭಾರತ ಸರ್ಕಾರದ ಕಾಯಿದೆಯಂತೆ ಬ್ರಿಟಿಷ್ ಪ್ರಾಂತಗಳ ಶಾಸನಸಭೆಗಳಿಗೆ ಮತ ನೀಡುವ ಹಕ್ಕು ದೊರೆತದ್ದು ಭೂಕಂದಾಯ, ಮನೆಬಾಡಿಗೆ, ಆದಾಯ ತೆರಿಗೆ ಮುಂತಾದವುಗಳ ಆಧಾರದ ಮೇಲೆ. ಮತದಾರರ ಪ್ರಮಾಣ ಜನಸಂಖ್ಯೆಯ ಶೇಕಡಾ 3ರ ಆಸುಪಾಸಿನಲ್ಲಿತ್ತು. ಮಹಿಳೆಯರಿಗೆ ಮತ ಕೊಡುವುದೋ ಬೇಡವೋ ಎಂಬುದನ್ನು ಆಯಾ ಪ್ರಾಂತಗಳ ಶಾಸನಸಭೆಗಳ ಇಚ್ಛೆಗೆ ಬಿಡಲಾಯಿತು. ಮದರಾಸು ಮತ್ತು ಮುಂಬಯಿ ಪ್ರಾಂತಗಳು 1921ರಲ್ಲಿ ಈ ಅಡ್ಡಿಯನ್ನು ತೆಗೆದವಾದರೂ ಆಸ್ತಿಯ ಷರತ್ತು ಹಾಗೆಯೇ ಉಳಿದುದರಿಂದ ಪ್ರಯೋಜನ ಪಡೆದವರು ಬೆರಳೆಣಿಕೆಯ ಮಹಿಳೆಯರು.

ಈ ವ್ಯವಸ್ಥೆಯಲ್ಲಿ ಸೇವೆಯಿಂದ ಮತ ಪಡೆದ ಒಂದು ವರ್ಗವೂ ಇತ್ತೆಂಬುದು ಗಮನಾರ್ಹ. ಹಲವು ಪ್ರಾಂತಗಳಲ್ಲಿ ಸೈನ್ಯದಿಂದ ನಿವೃತ್ತರಾದ, ಪಿಂಚಣಿ ಪಡೆಯುತ್ತಿದ್ದ ಅಥವಾ ಬಿಡುಗಡೆ ಹೊಂದಿದ ಸಿಪಾಯಿಗಳಿಗೆ ಆಸ್ತಿ ಇಲ್ಲದಿದ್ದರೂ ಮತ ನೀಡಲಾಯಿತು. 1935ರ ಕಾಯಿದೆಯು ಇದನ್ನು ಮುಂದುವರಿಸಿ, ಅಂಥ ಸಿಪಾಯಿಗಳ ಪಿಂಚಣಿದಾರ ವಿಧವೆಯರಿಗೂ ತಾಯಂದಿರಿಗೂ ವಿಸ್ತರಿಸಿತು. ಬ್ರಿಟನ್ನಿನಲ್ಲಿಯೇ 1918ರ ಕಾಯಿದೆಯು ಯುದ್ಧದಲ್ಲಿ ಸೇವೆ ಸಲ್ಲಿಸಿದ ಗಂಡಸರಿಗೆ 19ನೆಯ ವಯಸ್ಸಿಗೇ ಮತ ನೀಡಿತು. ಆತ್ಮಸಾಕ್ಷಿಯ ಕಾರಣಕ್ಕಾಗಿ ಯುದ್ಧಸೇವೆಯನ್ನು ನಿರಾಕರಿಸಿದವರ ಮತವನ್ನು ಐದು ವರ್ಷಗಳ ಕಾಲ ಕಿತ್ತುಕೊಂಡಿತು. ಸೇವೆಯನ್ನು ಮತಕ್ಕೆ ಜೋಡಿಸಿದೊಡನೆ ಎರಡು ಸಂಗತಿಗಳು ಒಟ್ಟಿಗೆ ಘಟಿಸುತ್ತವೆ. ಆಳುವವರಿಗೆ ಬೇಕಾದ ಸೇವೆಯೇ ಸೇವೆಯೆನಿಸುತ್ತದೆ. ಅದನ್ನು ಒಲ್ಲೆನೆಂದವನು ಅಪರಾಧಿಯಾಗುತ್ತಾನೆ. ಗಾಂಧೀಜಿಯವರ ಪ್ರಯೋಗವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಬಂದೂಕಿನ ಸೇವೆಗೆ ಬದಲಾಗಿ ಕದಿರಿನ ಸೇವೆಯನ್ನು ಅವರು ಮುಂದಿಟ್ಟರು.

ಅಹಮದಾಬಾದಿನಿಂದ ಬೆಳಗಾವಿಗೆ

1924ರ ಫೆಬ್ರವರಿಯಲ್ಲಿ ಸೆರೆಮನೆಯಿಂದ ಬಿಡುಗಡೆ ಹೊಂದಿದ ಗಾಂಧೀಜಿಯವರು ಅದೇ ಜೂನಿನಲ್ಲಿ ಅಹಮದಾಬಾದಿನಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಮುಂದೆ ಒಂದು ಗೊತ್ತುವಳಿ ತಂದರು. ಕಾಂಗ್ರೆಸ್ ಸಂಸ್ಥೆಗಳಿಗೆ ಚುನಾಯಿತರಾದ ಪ್ರತಿಯೊಬ್ಬರೂ ದಿನಕ್ಕೆ ಅರ್ಧ ಗಂಟೆ ನೂಲಬೇಕು, ತಿಂಗಳಿಗೆ 2,000 ಗಜ ನೂಲನ್ನು ಒಪ್ಪಿಸಬೇಕು, ತಪ್ಪಿದವರು ಸ್ಥಾನ ಬಿಡಬೇಕು ಎಂಬುದು ಅದರ ಸಾರ. ಮೋತಿಲಾಲ ನೆಹರೂ ಮತ್ತು ಚಿತ್ತರಂಜನ ದಾಸರ ನೇತೃತ್ವದ ಸ್ವರಾಜ್ಯ ಪಕ್ಷದವರು ಸಭೆಯಿಂದ ಹೊರನಡೆದರು. ದಂಡನೆಯ ಷರತ್ತು 67ಕ್ಕೆ 37 ಮತಗಳಿಂದ ಅಂಗೀಕಾರವಾಯಿತು. ಆದರೆ ಹೊರನಡೆದವರೂ ಉಳಿದಿದ್ದರೆ ತಾವು ಸೋಲುತ್ತಿದ್ದೆವೆಂಬುದನ್ನು ಅರಿತ ಗಾಂಧೀಜಿ ಆ ಷರತ್ತನ್ನು ತಾವೇ ಹಿಂದೆಗೆದುಕೊಂಡರು. ಇಲ್ಲಿ ನೂಲುವ ಹೊಣೆಯನ್ನು ಹೊರಿಸಿದ್ದು ಅಧಿಕಾರದ ಸ್ಥಾನದಲ್ಲಿದ್ದವರ ಮೇಲೆಯೇ ಹೊರತು ಸಾಮಾನ್ಯ ಸದಸ್ಯರ ಮೇಲಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗಾಂಧೀಜಿಯವರಿಗೂ ಸ್ವರಾಜ್ಯ ಪಕ್ಷದ ನಾಯಕರಿಗೂ ಒಪ್ಪಂದವಾಯಿತು. ಅಸಹಕಾರವನ್ನು ಅಮಾನತ್ತಿನಲ್ಲಿಡುವುದು, ವಿದೇಶಿ ಬಟ್ಟೆಯ ಬಹಿಷ್ಕಾರವನ್ನು ಮಾತ್ರ ಉಳಿಸಿಕೊಳ್ಳುವುದು, ಶಾಸನಸಭೆಗಳ ಕೆಲಸವನ್ನು ಸ್ವರಾಜ್ಯ ಪಕ್ಷ ಕಾಂಗ್ರೆಸ್ಸಿನ ಪರವಾಗಿ ನಡೆಸುವುದು, ಇದಕ್ಕೆ ಪ್ರತಿಯಾಗಿ ನಾಲ್ಕಾಣೆಯ ಸದಸ್ಯತ್ವಕ್ಕೆ ಬದಲು ನೂಲಿನ ಸದಸ್ಯತ್ವವನ್ನು ಒಪ್ಪುವುದು ಈ ಒಪ್ಪಂದದ ಮುಖ್ಯಾಂಶಗಳು. ಹೀಗಾಗಿ ಬೆಳಗಾವಿಯಲ್ಲಿ ಅಂಗೀಕಾರವಾದ ನಿಯಮ ಶುದ್ಧ ಆದರ್ಶದ ಫಲವಾಗಿರಲಿಲ್ಲ. ರಾಜಕೀಯದ ಕೊಡುಕೊಳೆಯೂ ಅದರಲ್ಲಿ ಬೆರೆತಿತ್ತು.

ಡಿಸೆಂಬರ್ 26 ಮತ್ತು 27ರಂದು ನಡೆದ ಬೆಳಗಾವಿ ಅಧಿವೇಶನ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ. ಸ್ವಾಗತ ಸಮಿತಿಯ ಅಧ್ಯಕ್ಷರಾಗಿದ್ದವರು ಗಂಗಾಧರರಾವ್ ದೇಶಪಾಂಡೆಯವರು. ಅಧಿವೇಶನದ ನೆಲೆಗೆ ವಿಜಯನಗರವೆಂದು ಹೆಸರಿಟ್ಟು, ನೀರಿಗಾಗಿ ತೋಡಿದ ಬಾವಿಯನ್ನು ಪಂಪಾ ಸರೋವರವೆಂದು ಕರೆದರು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿದ್ದು, ಬಾಲಕಿ ಗಂಗೂಬಾಯಿ ಹಾನಗಲ್ ಅವರು ಸ್ವಾಗತಗೀತೆ ಹಾಡಿದ್ದು ಇಲ್ಲಿಯೇ. ಇದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತು ಸೇರಿತು. ಡಾ. ನಾ. ಸು. ಹರ್ಡೀಕರ್ ಅವರು ಕಟ್ಟಿ ಬೆಳೆಸಿದ ಹಿಂದುಸ್ತಾನಿ ಸೇವಾದಳದ ಕಾರ್ಯಕರ್ತರು ವ್ಯವಸ್ಥೆಗೆ ಹೆಗಲು ಕೊಟ್ಟರು. ಶುಚಿತ್ವದ ಕೆಲಸವನ್ನೂ ಸ್ವಯಂಸೇವಕರು ವಹಿಸಿಕೊಂಡರು. ಸೇವೆ ಎಂಬ ಪದಕ್ಕೆ ಆ ಎರಡು ದಿನಗಳಲ್ಲಿ ದೊರೆತ ಗೌರವ ದೊಡ್ಡದು.

ಅಧ್ಯಕ್ಷ ಭಾಷಣದಲ್ಲಿ ಗಾಂಧೀಜಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮುಂದೆ ಬರಲಿರುವ ಸ್ವರಾಜ್ಯದ ಸಂವಿಧಾನಕ್ಕೆ ತಾವು ಬಯಸುವ ಅಂಶಗಳನ್ನು ಪಟ್ಟಿಮಾಡುತ್ತ, ಮತದ ಅರ್ಹತೆ ಆಸ್ತಿಯೂ ಆಗಬಾರದು, ಅಂತಸ್ತೂ ಆಗಬಾರದು, ಕೈದುಡಿಮೆಯಾಗಬೇಕು ಎಂದು ಸೂಚಿಸಿದರು. ಓದು ಮತ್ತು ಆಸ್ತಿಯ ಪರೀಕ್ಷೆಗಳು ಹುಸಿಯಾಗಿವೆ, ದುಡಿಮೆಯಾದರೋ ರಾಜ್ಯದ ಹಿತದಲ್ಲಿ ಪಾಲುಗೊಳ್ಳಬಯಸುವ ಯಾರಿಗೂ ಬಾಗಿಲು ತೆರೆಯುತ್ತದೆ ಎಂಬುದು ಅವರ ವಾದದ ತಿರುಳು. ಸೇವೆಯಿಂದ ಗಳಿಸುವ ಮತವನ್ನು ಒಂದು ಇಡೀ ದೇಶಕ್ಕೆ ಅನ್ವಯಿಸುವ ಮಾತು ಹೀಗೆ ಬೆಳಗಾವಿಯ ವೇದಿಕೆಯಿಂದ ಹೊರಟಿತು.

ನಿಯಮದ ನಡೆ

ಬೆಳಗಾವಿಯ ನಿಯಮದಂತೆ ಕಾಂಗ್ರೆಸ್ ಸದಸ್ಯನಾಗುವವನು ರಾಜಕೀಯ ಸಭೆಗಳಲ್ಲಿಯೂ ಕಾಂಗ್ರೆಸ್ಸಿನ ಕೆಲಸದಲ್ಲಿರುವಾಗಲೂ ಖಾದಿ ತೊಡಬೇಕು. ತಿಂಗಳಿಗೆ 2,000 ಗಜದಂತೆ ವರ್ಷಕ್ಕೆ 24,000 ಗಜ, ಸಮನಾಗಿ ನೂತ ನೂಲನ್ನು ಒಪ್ಪಿಸಬೇಕು. ಇಂದಿನ ಲೆಕ್ಕದಲ್ಲಿ ಇದು ಸುಮಾರು 22 ಕಿಲೋಮೀಟರ್ ಉದ್ದದ ನೂಲು. ದಿನಕ್ಕೆ ಹಂಚಿದರೆ ಸುಮಾರು 67 ಗಜ. ರಾಟೆಯ ಮುಂದೆ ಬೆಳೆದ ಹೆಣ್ಣುಮಗಳಿಗೆ ಇದು ದೊಡ್ಡ ಹೊರೆಯಲ್ಲ. ಹಂಜಿಯನ್ನು ಮುಟ್ಟಿ ಅರಿಯದ ವಕೀಲನಿಗೆ ಇದು ತಪಸ್ಸು. ಈ ತಲೆಕೆಳಗು ಗಾಂಧೀಜಿಯವರಿಗೆ ಬೇಕಾಗಿತ್ತು. ಅಕ್ಷರ ಬಾರದವಳೂ ಕಂದಾಯ ಕಟ್ಟದವಳೂ ಆದ ಹೆಣ್ಣೊಬ್ಬಳು ತನ್ನ ಅಡುಗೆಮನೆಯ ಪಕ್ಕದ ಕೌಶಲದಿಂದಲೇ ರಾಷ್ಟ್ರೀಯ ಸಂಸ್ಥೆಯ ಮತದಾರಳಾಗುವ ಸಾಧ್ಯತೆಯನ್ನು ಆ ಕಾಲದ ಯಾವ ಶಾಸನಸಭೆಯೂ ತೆರೆದಿರಲಿಲ್ಲ.

ಆದರೆ ನಿಯಮದೊಳಗೇ ಒಂದು ಕಿಂಡಿ ಇತ್ತು. ಕಾಯಿಲೆ, ಅನಿಚ್ಛೆ ಮುಂತಾದ ಕಾರಣಗಳಿದ್ದರೆ ಬೇರೆಯವರು ನೂತ ಅಷ್ಟೇ ನೂಲನ್ನು ಕೊಡಬಹುದಾಗಿತ್ತು. ಸ್ವರಾಜ್ಯ ಪಕ್ಷದವರನ್ನು ಒಪ್ಪಿಸಲು ಇಟ್ಟ ಈ ಕಿಂಡಿಯಿಂದ ಹಣ ಒಳನುಗ್ಗಿತು. ಹಣವುಳ್ಳವನು ನೂಲನ್ನು ಕೊಂಡು ಒಪ್ಪಿಸಿದರೆ ಸದಸ್ಯನಾದನು. ಕೂಲಿಗಾಗಿ ನೂಲುವ ಬಡ ಹೆಂಗಸು ಸದಸ್ಯಳಾಗಬೇಕಾದರೆ ತನ್ನ ಆ ತಿಂಗಳ ಕೂಲಿಯ ಒಂದಂಶವನ್ನು ಬಿಟ್ಟುಕೊಡಬೇಕಾಗಿತ್ತು. ಒಂದೇ ಅಳತೆಯ ನೂಲು ಒಬ್ಬರಿಗೆ ಜೇಬಿನ ಚಿಲ್ಲರೆ, ಇನ್ನೊಬ್ಬರಿಗೆ ಹೊತ್ತಿನ ಹಿಟ್ಟು. ಯಾರು ನೂತರೋ ಅವರಿಗೆ ಮತವಿಲ್ಲ, ಯಾರು ಕೊಂಡರೋ ಅವರಿಗೆ ಮತವುಂಟು ಎಂಬ ವಿಪರ್ಯಾಸಕ್ಕೆ ಎಡೆಯಾಯಿತು.

ನಿರೀಕ್ಷಿಸಿದಷ್ಟು ಸದಸ್ಯರು ಬರಲಿಲ್ಲ. 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ನಿಯಮವನ್ನು ಸಡಿಲಿಸಿ, ವರ್ಷಕ್ಕೆ ನಾಲ್ಕಾಣೆ ಅಥವಾ ತಾನೇ ನೂತ 2,000 ಗಜ ನೂಲು ಎಂದು ಬದಲಿಸಿತು. ಇದೇ ಸಭೆಯಲ್ಲಿ ಖಾದಿಯ ಕೆಲಸಕ್ಕಾಗಿ ಅಖಿಲ ಭಾರತ ಚರಕಾ ಸಂಘ ಪ್ರತ್ಯೇಕವಾಗಿ ಹುಟ್ಟಿತು. ವರ್ಷಾಂತ್ಯದಲ್ಲಿ ಸರೋಜಿನಿ ನಾಯ್ಡು ಅವರ ಅಧ್ಯಕ್ಷತೆಯ ಕಾನ್ಪುರ ಅಧಿವೇಶನ ಈ ಬದಲಾವಣೆಗೆ ಒಪ್ಪಿಗೆ ನೀಡಿತು. ತಿಂಗಳಿಗೆ ಸಲ್ಲಬೇಕಾಗಿದ್ದ ನೂಲು ವರ್ಷದ ನೂಲಾಯಿತು, ಅದಕ್ಕೂ ನಾಲ್ಕಾಣೆಯ ಪರ್ಯಾಯ ದೊರೆಯಿತು. ಸೇವೆಯೇ ಮತದ ಏಕೈಕ ಬಾಗಿಲಾಗಿದ್ದ ಕಾಲ ಒಂದು ವರ್ಷವನ್ನೂ ತುಂಬಲಿಲ್ಲ.

ಆಕ್ಷೇಪಗಳು ರಾಜಕಾರಣಿಗಳಿಂದ ಮಾತ್ರ ಬಂದುವಲ್ಲ. 1925ರಲ್ಲಿ ರವೀಂದ್ರನಾಥ ಠಾಕೂರರು ಚರಕದ ಆರಾಧನೆಯನ್ನು ವಿಮರ್ಶಿಸಿ ಬರೆದ ಪ್ರಬಂಧದಲ್ಲಿ, ಎಲ್ಲ ಮನಸ್ಸುಗಳನ್ನೂ ಒಂದೇ ಯಾಂತ್ರಿಕ ಚಲನೆಗೆ ಒಗ್ಗಿಸುವ ಅಪಾಯವನ್ನು ಎತ್ತಿ ತೋರಿಸಿದರು. ಗಾಂಧೀಜಿ ಗೌರವದಿಂದಲೇ ಉತ್ತರಿಸಿದರು. ಈ ವಾದದಲ್ಲಿ ಯಾರು ಗೆದ್ದರೆಂಬುದಕ್ಕಿಂತ, ಸೇವೆಗೆ ಒಂದೇ ರೂಪ ಕೊಟ್ಟರೆ ಉಳಿದ ಸೇವೆಗಳೆಲ್ಲ ಲೆಕ್ಕದಿಂದ ಹೊರಗುಳಿಯುತ್ತವೆಂಬ ಪ್ರಶ್ನೆ ಇಂದಿಗೂ ಉಳಿದಿದೆ.

ಮತದಾರನ ಮೇಲಿನ ಹೊರೆ ಹಗುರವಾದ ಮೇಲೂ ಪ್ರಯೋಗ ನಿಲ್ಲಲಿಲ್ಲ. 1926ರ ಗುವಾಹಟಿ ಅಧಿವೇಶನ ಖಾದಿ ತೊಡುವುದನ್ನು ನಿತ್ಯದ ರೂಢಿಯಾಗಿಸಬೇಕೆಂದಿತು. 1934ರ ಮುಂಬಯಿ ಅಧಿವೇಶನ ಇನ್ನೊಂದು ರೂಪವನ್ನು ತಂದಿತು. ಕಾಂಗ್ರೆಸ್ ಸಮಿತಿಗಳಿಗೆ ಚುನಾವಣೆಗೆ ನಿಲ್ಲುವವನು ಅದಕ್ಕೆ ಮೊದಲಿನ ಆರು ತಿಂಗಳು ಎಡೆಬಿಡದೆ, ತಿಂಗಳಿಗೆ 500 ಗಜ ಒಳ್ಳೆಯ ನೂಲಿನ ಬೆಲೆಗೆ ಸಮನಾದ ಕೈದುಡಿಮೆಯನ್ನು ಮಾಡಿರಬೇಕೆಂದು ವಿಧಿಸಿತು. 1924ರ ಜೂನಿನಲ್ಲಿ ಅಹಮದಾಬಾದಿನಲ್ಲಿ ಎತ್ತಿದ ಎಳೆ ಹತ್ತು ವರ್ಷಗಳ ನಂತರ ಹೀಗೆ ಮರಳಿ ಬಂದಿತು: ದುಡಿಮೆಯ ಷರತ್ತು ಮತ ಕೊಡುವವನಿಂದ ಜಾರಿ ಮತ ಕೇಳುವವನ ಹೆಗಲೇರಿತು.

ಜನಪದರಲ್ಲಿ ಸೇವೆಯ ನಾಲ್ಕು ಮುಖಗಳು

ಗಾಂಧೀಜಿಯವರ ಕಲ್ಪನೆ ನಮ್ಮ ಹಳ್ಳಿಗಳಿಗೆ ಬಂದಾಗ ಅಲ್ಲಿ ಸೇವೆಗೆ ಅದರದೇ ಆದ ಹಳೆಯ ವ್ಯಾಕರಣವಿತ್ತು. ಜನಪದ ಬದುಕಿನಲ್ಲಿ ಪರರಿಗಾಗಿ ಮಾಡುವ ದುಡಿಮೆಯನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ಗುರುತಿಸಬಹುದು: ಮುಯ್ಯಿ, ಬಿಟ್ಟಿ, ಕೊಡಗೆ ಮತ್ತು ಕಾಯಕ.

ಮುಯ್ಯಿ ಸಮಾನರ ನಡುವಿನ ದುಡಿಮೆ. ನಾಟಿ, ಕಟಾವು, ಮನೆಯ ಮಾಡು ಹೊದಿಸುವ ಕೆಲಸಗಳಲ್ಲಿ ಇಂದು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು ಎಂಬ ಮುಯ್ಯಾಳಿನ ಪದ್ಧತಿ ಇದರ ಮಾದರಿ. ಇಲ್ಲಿ ಲೆಕ್ಕ ಬರೆಯುವವರಿಲ್ಲ, ಆದರೆ ಲೆಕ್ಕ ತಪ್ಪುವುದಿಲ್ಲ. ದುಡಿಮೆಯಿಂದ ಹಕ್ಕು ಹುಟ್ಟುವುದು ನಿಜ. ಆ ಹಕ್ಕಾದರೋ ಮತ್ತೊಬ್ಬರ ಅಷ್ಟೇ ದುಡಿಮೆಯ ಮೇಲಿನದೇ ಹೊರತು ಮತ್ತೊಬ್ಬರನ್ನು ಆಳುವುದರ ಮೇಲಿನದಲ್ಲ.

ಬಿಟ್ಟಿ ಅಸಮಾನರ ನಡುವಿನ ದುಡಿಮೆ. ಅಧಿಕಾರಿ ಬಂದರೆ ಹೊರೆ ಹೊರುವುದು, ಗೌಡರ ಮನೆಗೆ ಸೌದೆ ಒಡೆಯುವುದು, ಸತ್ತ ದನ ಸಾಗಿಸುವುದು, ಸಾವಿನ ಸುದ್ದಿ ಒಯ್ಯುವುದು ಇವೆಲ್ಲ ಕೆಲವು ಜಾತಿಗಳಿಗೆ ಹುಟ್ಟಿನಿಂದಲೇ ಅಂಟಿಸಿದ ಸೇವೆಗಳು. ಹನ್ನೆರಡು ಆಯಗಾರರ ವ್ಯವಸ್ಥೆಯಲ್ಲಿ ಕಮ್ಮಾರ, ಬಡಗಿ, ಕುಂಬಾರ, ಅಗಸ, ತಳವಾರ, ತೋಟಿ, ನೀರಗಂಟಿ ಮೊದಲಾದವರು ಊರಿಗೆ ಸೇವೆ ಸಲ್ಲಿಸಿ ಸುಗ್ಗಿಯಲ್ಲಿ ಆಯ ಪಡೆಯುತ್ತಿದ್ದರು. ಸೇವೆಯಿಂದ ಮಾತಿನ ಹಕ್ಕು ಬರುವುದಾಗಿದ್ದರೆ ಊರ ಚಾವಡಿಯಲ್ಲಿ ಮೊದಲ ಮಾತು ತೋಟಿಯದೂ ನೀರಗಂಟಿಯದೂ ಆಗಬೇಕಿತ್ತು. ನಡೆದುದು ಇದಕ್ಕೆ ವಿರುದ್ಧ. ಹೆಚ್ಚು ಸೇವೆ ಮಾಡಿದವರು ಚಾವಡಿಯ ಕೆಳಗೆ, ಬಿಸಿಲಿನಲ್ಲಿ ನಿಂತರು. ಅವರ ಸೇವೆಯೇ ಅವರನ್ನು ಕೀಳೆಂದು ಗುರುತಿಸುವ ಕುರುಹಾಯಿತು. ಬೆಳಗಾವಿಯಲ್ಲಿ ಸ್ವಯಂಸೇವಕನು ಎರಡು ದಿನ ಪೊರಕೆ ಹಿಡಿದರೆ ಅದು ಆದರ್ಶವೆನಿಸಿತು. ಅದೇ ಪೊರಕೆಯನ್ನು ತಲೆಮಾರುಗಳಿಂದ ಹಿಡಿದವರಿಗೆ ಅದು ಮೈಲಿಗೆಯೆನಿಸಿತ್ತು. ಸ್ವಯಂಪ್ರೇರಿತ ಸೇವೆಯೆಂಬುದು ಬೇಡವೆನ್ನುವ ಸ್ವಾತಂತ್ರ್ಯವಿದ್ದವನಿಗೆ ಮಾತ್ರ ಸಾಧ್ಯವೆಂಬ ಸತ್ಯ ಇಲ್ಲಿ ಗೋಚರಿಸುತ್ತದೆ.

ಮೂರನೆಯದು ಕೊಡಗೆ. ಕೆರೆ ಕಟ್ಟಿಸಿದವರಿಗೆ ಕಟ್ಟುಕೊಡಗೆ, ಯುದ್ಧದಲ್ಲಿ ಮಡಿದವರ ಮನೆತನಕ್ಕೆ ನೆತ್ತರುಗೊಡಗೆ ನೀಡಿದ ಉಲ್ಲೇಖಗಳು ಕನ್ನಡ ಶಾಸನಗಳಲ್ಲಿ ಕಾಣುತ್ತವೆ. ಸೇವೆಯಿಂದ ಹಕ್ಕನ್ನು ಗಳಿಸುವ ಕಲ್ಪನೆ ನಮ್ಮಲ್ಲಿ ಇಷ್ಟು ಹಳೆಯದು. ಆದರೆ ಕೊಡಗೆಯ ಗತಿಯನ್ನು ನೋಡಬೇಕು. ಅಜ್ಜನು ಚೆಲ್ಲಿದ ನೆತ್ತರಿಗೆ ದೊರೆತ ಭೂಮಿಯನ್ನು ಯಾವ ಸೇವೆಯನ್ನೂ ಮಾಡದ ಮೊಮ್ಮಗ ಅನುಭವಿಸಿದನು. ಗಳಿಸಿದ ಹಕ್ಕು ಎರಡು ತಲೆಮಾರಿನಲ್ಲಿ ಹುಟ್ಟಿನ ಹಕ್ಕಾಯಿತು.

ಕೊಡಗೆಗೆ ಇನ್ನೊಂದು ಮಿತಿಯೂ ಇದೆ. ಅದನ್ನು ಕೊಡುವವನೇ ಅದರ ಗಡಿಯನ್ನೂ ಎಳೆಯುತ್ತಾನೆ. ಮೇಲುಕೋಟೆಯ ಐತಿಹ್ಯದಂತೆ, ಚೆಲುವನಾರಾಯಣನ ಉತ್ಸವಮೂರ್ತಿಯನ್ನು ದೆಹಲಿಯಿಂದ ತರುವಲ್ಲಿ ರಾಮಾನುಜಾಚಾರ್ಯರಿಗೆ ನೆರವಾದ ಅಸ್ಪೃಶ್ಯರಿಗೆ ‘ತಿರುಕುಲ’ದವರೆಂಬ ಗೌರವದ ಹೆಸರೂ ವರ್ಷದಲ್ಲಿ ಕೆಲವೇ ದಿನಗಳ ದೇವಾಲಯ ಪ್ರವೇಶದ ಹಕ್ಕೂ ದೊರೆತವು. ಐತಿಹ್ಯದ ಚಾರಿತ್ರಿಕತೆ ಹೇಗೇ ಇರಲಿ, ಅದು ಕಲಿಸುವ ಪಾಠ ಸ್ಪಷ್ಟ. ದೇವರನ್ನೇ ತಂದುಕೊಟ್ಟ ಸೇವೆಗೂ ಸಿಕ್ಕಿದ್ದು ಕೆಲವು ದಿನಗಳ ಬಾಗಿಲು. ಯಾವ ಸೇವೆಯನ್ನೂ ಮಾಡದ ಮೇಲುಜಾತಿಯವನಿಗೆ ವರ್ಷವಿಡೀ ಬಾಗಿಲು ತೆರೆದೇ ಇತ್ತು. ಗಳಿಸಿದ ಹಕ್ಕು ಮತ್ತು ಹುಟ್ಟಿನ ಹಕ್ಕು ಒಂದೇ ಊರಿನಲ್ಲಿದ್ದಾಗ ಮೊದಲನೆಯದು ಯಾವಾಗಲೂ ಎರಡನೆಯದರ ಮುಂದೆ ತಲೆತಗ್ಗಿಸಿ ನಿಲ್ಲುತ್ತದೆ.

ನಾಲ್ಕನೆಯದು ಕಾಯಕ. ಹನ್ನೆರಡನೆಯ ಶತಮಾನದ ಶರಣರು ದುಡಿಮೆಯ ಮೇಲುಕೀಳನ್ನು ಅಳಿಸುವ ಪ್ರಯತ್ನ ಮಾಡಿದರು. ನೂಲುವುದನ್ನೇ ಕಾಯಕ ಮಾಡಿಕೊಂಡ ಕದಿರ ರೆಮ್ಮವ್ವೆ, ಹಗ್ಗ ಹೊಸೆದ ನುಲಿಯ ಚಂದಯ್ಯ, ನೇಯ್ಗೆಯ ಪರಂಪರೆಯ ದೇವರ ದಾಸಿಮಯ್ಯ ಇವರೆಲ್ಲ ವಚನಕಾರರಾಗಿ ಮಾತಿನ ಅಧಿಕಾರ ಪಡೆದರು. ಬೆಳಗಾವಿಯ ಕಲ್ಪನೆಗೆ ಕನ್ನಡ ಪರಂಪರೆಯಲ್ಲಿ ಅತ್ಯಂತ ಹತ್ತಿರದ ಪೂರ್ವರೂಪ ಇದೇ. ಆದರೂ ಒಂದು ವ್ಯತ್ಯಾಸವಿದೆ. ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದವಳು ಅವನ ಹೆಂಡತಿ ಲಕ್ಕಮ್ಮ. ಇಲ್ಲಿ ಅಳತೆಗೋಲು ಮನೆಯೊಳಗಿದೆ, ಮನಸ್ಸಿನೊಳಗಿದೆ. ಕಾಯಕದ ಲೆಕ್ಕವನ್ನು ಹೊರಗಿನ ಗುಮಾಸ್ತ ಬರೆಯತೊಡಗಿದರೆ ಅದು ಕಾಯಕವಾಗಿ ಉಳಿಯದೆ ಕಂದಾಯವಾಗುತ್ತದೆ.

ಈ ನಾಲ್ಕರ ಜೊತೆಗೆ ನಮ್ಮ ಕಥನಗೀತೆಗಳ ಸಾಕ್ಷ್ಯವನ್ನೂ ಇಡಬೇಕು. ‘ಕೆರೆಗೆ ಹಾರ’ದಲ್ಲಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದಿದ್ದಾಗ ಬಲಿ ಯಾರೆಂಬುದನ್ನು ನಿರ್ಧರಿಸುವವರು ಹಿರಿಯರು, ಬಲಿಯಾಗುವವಳು ಕಿರಿಯ ಸೊಸೆ ಭಾಗೀರಥಿ. ಊರಿಗೆ ಆಕೆ ಸಲ್ಲಿಸಿದ್ದಕ್ಕಿಂತ ದೊಡ್ಡ ಸೇವೆ ಇಲ್ಲ. ಆ ನಿರ್ಧಾರದಲ್ಲಿ ಆಕೆಯ ಮಾತಿಗೆ ಎಡೆಯೂ ಇಲ್ಲ. ಮಾತಿನ ಹಕ್ಕು ಸೇವೆಯ ನಂತರ ಬರಬೇಕೆಂದರೆ ಭಾಗೀರಥಿಗೆ ಅದು ನೀರಿನಡಿಯಲ್ಲಿ ಬರಬೇಕು. ಸೇವೆ ಏನು, ಎಷ್ಟು, ಯಾರದು ಎಂಬುದನ್ನು ನಿರ್ಧರಿಸುವ ಕಟ್ಟೆಯಲ್ಲಿ ಮೊದಲೇ ಸ್ಥಾನವಿಲ್ಲದವರ ಸೇವೆ ಬಲಿಯಾಗಿಬಿಡುತ್ತದೆಂಬ ಎಚ್ಚರವನ್ನು ಹಾಡಿದ ಹೆಣ್ಣುಮಕ್ಕಳು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ್ದಾರೆ.

ವಯಸ್ಕ ಮತಾಧಿಕಾರದ ಕಡೆಗೆ

ಇದೇ ಎಚ್ಚರವನ್ನು ರಾಜಕೀಯ ತತ್ವವಾಗಿ ಮಂಡಿಸಿದವರು ಡಾ. ಬಿ. ಆರ್. ಅಂಬೇಡ್ಕರ್. ಮುಂಬಯಿ ಪ್ರಾಂತದ ಆಡಳಿತ ಸುಧಾರಣೆ ಕುರಿತು 1929ರಲ್ಲಿ ಸಲ್ಲಿಸಿದ ತಮ್ಮ ಪ್ರತ್ಯೇಕ ವರದಿಯಲ್ಲಿ ಅವರು ವಯಸ್ಕ ಮತಾಧಿಕಾರವನ್ನು ಪ್ರತಿಪಾದಿಸಿದರು. ಕೂಡಿ ಬಾಳುವ ಬದುಕಿನ ಷರತ್ತುಗಳನ್ನು ನಿರ್ಧರಿಸುವ ಅಧಿಕಾರವೇ ಮತವಾದರೆ, ಚೌಕಾಸಿ ಮಾಡುವ ಬಲವಿಲ್ಲದ ದುರ್ಬಲರಿಗೆ ಅದು ಎಲ್ಲರಿಗಿಂತ ಮೊದಲು ಸಲ್ಲಬೇಕೆಂಬುದು ಅವರ ವಾದ. ಗಾಂಧೀಜಿಯವರ ಕ್ರಮದಲ್ಲಿ ಮೊದಲು ದುಡಿಮೆ, ನಂತರ ಮತ. ಅಂಬೇಡ್ಕರರ ಕ್ರಮದಲ್ಲಿ ಮೊದಲು ಮತ. ದುಡಿಮೆ ಬಿಟ್ಟಿಯಾಗದಂತೆ ಕಾಯುವುದು ಆ ಮತದ ಕೆಲಸ. ಇಬ್ಬರೂ ಆಸ್ತಿ ಮತ್ತು ಓದಿನ ಅಳತೆಗೋಲುಗಳನ್ನು ಮುರಿಯಬಯಸಿದವರೇ. ಬಿಟ್ಟಿಯ ಅನುಭವವನ್ನು ಒಳಗಿನಿಂದ ಕಂಡವರಿಗೆ ಸೇವೆಯ ಅಳತೆಗೋಲೂ ನಂಬಿಕೆಗೆ ಅರ್ಹವೆನಿಸಲಿಲ್ಲ.

ಕಾಂಗ್ರೆಸ್ ಕೂಡ 1928ರ ನೆಹರೂ ವರದಿಯ ಮತ್ತು 1931ರ ಕರಾಚಿ ನಿರ್ಣಯದ ಹೊತ್ತಿಗೆ ವಯಸ್ಕ ಮತಾಧಿಕಾರದ ಕಡೆಗೆ ವಾಲಿತ್ತು. ಸಂವಿಧಾನದ 326ನೆಯ ವಿಧಿ ಅದನ್ನು ನೆಲೆಗೊಳಿಸಿತು. 1951–52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 17.3 ಕೋಟಿ ಜನ ಮತದಾರರಾಗಿ ನೋಂದಣಿಯಾದರು. ಆಗ ದೇಶದಲ್ಲಿ ಸಾಕ್ಷರರು ಶೇಕಡಾ 18ರಷ್ಟು ಮಾತ್ರ. ಆಗಲೂ ಸುಮಾರು 28 ಲಕ್ಷ ಮಹಿಳೆಯರ ಹೆಸರುಗಳು ಪಟ್ಟಿಯಿಂದ ಬಿಟ್ಟುಹೋದವು. ಅವರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಸಿದ್ದೇ ಇದಕ್ಕೆ ಕಾರಣ. ಹೆಸರೊಂದನ್ನು ಬಿಟ್ಟರೆ ಬೇರೆ ಯಾವ ಷರತ್ತೂ ಇಲ್ಲದಿದ್ದಾಗಲೇ ಇಷ್ಟು ಜನ ಹೊರಗುಳಿದರು. ಸೇವೆಯ ಪ್ರಮಾಣಪತ್ರವನ್ನೂ ಕೇಳಿದ್ದರೆ ಉಳಿಯುತ್ತಿದ್ದವರು ಯಾರೆಂಬುದನ್ನು ಊಹಿಸಬಹುದು.

ಕರ್ನಾಟಕದಲ್ಲಿ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯು ವಂಶಪಾರಂಪರ್ಯದ ಊರ ಸೇವೆಗಳನ್ನು ಕೊನೆಗಾಣಿಸಿತು. 1976ರ ಜೀತ ಪದ್ಧತಿ ರದ್ದಿಯಾತಿ ಕಾಯಿದೆಯು ಇನ್ನೊಂದು ಬಗೆಯ ಬಿಟ್ಟಿಯನ್ನು ಕಾನೂನುಬಾಹಿರಗೊಳಿಸಿತು. ಈ ಕಾಯಿದೆಗಳನ್ನು ಮಾಡಿದ್ದು ಮತದಿಂದ ಆಯ್ಕೆಯಾದ ಸಭೆಗಳು. ಸೇವೆಯಿಂದ ಮತ ಬಂದ ನಿದರ್ಶನ ನಮ್ಮ ಹಳ್ಳಿಗಳಲ್ಲಿ ಇಲ್ಲ. ಮತ ಬಂದ ಮೇಲೆ ಬಲವಂತದ ಸೇವೆ ಸಡಿಲವಾದ ನಿದರ್ಶನ ಇದೆ.

ಸಮಾರೋಪ

ಸೇವೆಯಿಂದ ಮತ ಗಳಿಸುವ ಸಮಾಜವನ್ನು ಕಟ್ಟಬಯಸುವವರು ಉತ್ತರಿಸಬೇಕಾದ ಪ್ರಶ್ನೆಗಳನ್ನು ಬೆಳಗಾವಿಯ ಅನುಭವವೂ ಜನಪದ ಸಾಕ್ಷ್ಯವೂ ಸೇರಿ ಸ್ಪಷ್ಟಪಡಿಸುತ್ತವೆ. ಯಾವುದನ್ನು ಸೇವೆಯೆಂದು ಎಣಿಸುವುದು? ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯ ಆರೈಕೆ ಮಾಡುವ ಸೊಸೆಯ ದುಡಿಮೆ ಯಾವ ದಫ್ತರದಲ್ಲಿ ಸೇರುತ್ತದೆ? ಅಳೆಯುವವರು ಯಾರು, ಅವರನ್ನು ಆಯ್ದವರು ಯಾರು? ಹಣದಿಂದ ಕೊಂಡ ಸೇವೆಯನ್ನು ತಡೆಯುವುದು ಹೇಗೆ? ಬಿಡುವು ಇರುವವನಿಗೂ ಇಲ್ಲದವನಿಗೂ ಒಂದೇ ಅಳತೆ ನ್ಯಾಯವೇ? ಮನೆಗೆ ಮಾರಿ ಊರಿಗೆ ಉಪಕಾರಿ ಎಂಬ ಗಾದೆಯನ್ನು ಕಟ್ಟಿದ ಜನಪದರು, ಊರಿನ ಸೇವೆಗೆ ಹೊರಟವನ ಬಿಡುವನ್ನು ಮನೆಯಲ್ಲಿ ಇನ್ನೊಬ್ಬರು ದುಡಿದು ತುಂಬುತ್ತಾರೆಂಬುದನ್ನು ಬಲ್ಲವರಾಗಿದ್ದರು.

ಹೀಗೆಂದು ಬೆಳಗಾವಿಯ ಪ್ರಯೋಗವನ್ನು ವಿಫಲವೆಂದು ತಳ್ಳಿಹಾಕುವುದು ಸರಿಯಲ್ಲ. ಬೆವರಿಗೆ ರಾಜಕೀಯದಲ್ಲಿ ಮಾನವಿರಬೇಕೆಂಬ ಅದರ ಆಶಯ ಇಂದಿಗೂ ಜೀವಂತ. ಆ ಆಶಯ ಸಲ್ಲಬೇಕಾದ ಸ್ಥಳ ಯಾವುದೆಂಬುದನ್ನು 1924ರ ಅಹಮದಾಬಾದು ಮತ್ತು 1934ರ ಮುಂಬಯಿಯ ನಿಯಮಗಳು ಸೂಚಿಸಿವೆ. ದುಡಿಮೆಯ ಷರತ್ತನ್ನು ಮತದಾರನಿಗೆ ಹಾಕಿದರೆ ಅದು ಬಾಗಿಲಿಗೆ ಬೀಗ. ಅಧಿಕಾರ ಬೇಡುವವನಿಗೆ ಹಾಕಿದರೆ ಅದು ಅವನ ಮೇಲಿನ ಋಣ. ಇಲ್ಲಿಯೂ ಎಚ್ಚರ ಬೇಕು. ಹರಿಯಾಣ ರಾಜ್ಯ 2015ರಲ್ಲಿ ಪಂಚಾಯಿತಿ ಅಭ್ಯರ್ಥಿಗಳಿಗೆ ಶಾಲಾ ಶಿಕ್ಷಣ, ಮನೆಯಲ್ಲಿ ಶೌಚಾಲಯ ಮೊದಲಾದ ಷರತ್ತುಗಳನ್ನು ವಿಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ರಾಜಸ್ಥಾನವು ತಾನು ತಂದಿದ್ದ ಇಂಥದೇ ಶಿಕ್ಷಣದ ಷರತ್ತನ್ನು 2019ರಲ್ಲಿ ತೆಗೆದುಹಾಕಿತು. ಶಾಲೆ ಮತ್ತು ಶೌಚಾಲಯ ಬಡವರಿಗೆ ಬೇಕೆಂದರೆ ಸಿಗುವ ವಸ್ತುಗಳಲ್ಲ. ಈ ದೃಷ್ಟಿಯಿಂದ ನೋಡಿದರೆ, ಎಲ್ಲರ ಕೈಗೆಟುಕುವ ಹಂಜಿ ಮತ್ತು ಕದಿರನ್ನು ಅಳತೆಗೋಲಾಗಿ ಆಯ್ದ 1924ರ ವಿವೇಕ ನಂತರದ ಕಾನೂನುಗಳಿಗಿಂತ ಹೆಚ್ಚು ಉದಾರವಾಗಿತ್ತು.

ಬೆಳಗಾವಿ ಅಧಿವೇಶನಕ್ಕೆ 2024ರಲ್ಲಿ ನೂರು ವರ್ಷ ತುಂಬಿತು. ಧಾರವಾಡ ಜಿಲ್ಲೆಯ ಗರಗದ ಖಾದಿ ಕೇಂದ್ರ ರಾಷ್ಟ್ರಧ್ವಜದ ಬಟ್ಟೆಯಿಂದ ಹೆಸರಾಯಿತು. ನಂಜನಗೂಡು ತಾಲ್ಲೂಕಿನ ಬದನವಾಳು ದಲಿತ ಮಹಿಳೆಯರು ನೂತ ಖಾದಿಯಿಂದ ಹೆಸರಾಯಿತು. ಇಂಥ ಕೇಂದ್ರಗಳಲ್ಲಿ ನೂತ ಕೈಗಳು ಬಹುಪಾಲು ಹೆಣ್ಣುಮಕ್ಕಳವು. ಅವರಿಗೆ ಇಂದು ಮತವಿದೆ. ಅದು ನೂಲಿನ ಬೆಲೆಯಾಗಿ ಬಂದುದಲ್ಲ. ಅವರ ನೂಲಿಗೆ ನ್ಯಾಯವಾದ ಕೂಲಿ ದೊರಕಿಸುವುದು ಆ ಮತದ ಮುಂದೆ ಇನ್ನೂ ಉಳಿದಿರುವ ಕೆಲಸ.